ಆಫೀಸ್‌ನಲ್ಲಿ ಅರ್ಧಕ್ಕೆ ಬಿಟ್ಟ ಕೋಡ್ ಮನೆಯಲ್ಲೂ ಸಿಗಬೇಕಾ?

ನಮಸ್ಕಾರ. ಸಂಜೆ ಆಫೀಸ್‌ನಲ್ಲಿ ಕೋಡ್ ಬರೆದು ಕಮಿಟ್ ಮಾಡಿ, ಅಂದರೆ ಬದಲಾವಣೆಗಳನ್ನು ದಾಖಲಿಸಿ, ಬಂದಿರುತ್ತೀರಿ. ರಾತ್ರಿ ಮನೆಯ ಲ್ಯಾಪ್‌ಟಾಪ್ ತೆರೆದರೆ ಅದರಲ್ಲಿ ಮೊನ್ನೆಯ ಕೋಡೇ ಇದೆ. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬಳಸುತ್ತಿದ್ದರೂ ಯಾಕೆ ಹೀಗೆ?

[ಸ್ಕ್ರೀನ್: ಆಫೀಸ್ ಕಂಪ್ಯೂಟರ್‌ನ ಟರ್ಮಿನಲ್]

ಗಿಟ್ ಸ್ಟೇಟಸ್ ಕೊಟ್ಟು ನೋಡಿ. ನಿಮ್ಮ ಬ್ರ್ಯಾಂಚ್ (ನೀವು ಕೆಲಸ ಮಾಡುತ್ತಿರುವ ಕೋಡ್‌ನ ಕವಲು) ಒರಿಜಿನ್‌ಗಿಂತ, ಅಂದರೆ ಸರ್ವರ್‌ನಲ್ಲಿರುವ ಪ್ರತಿಗಿಂತ, ಒಂದು ಕಮಿಟ್ ಮುಂದಿದೆ ಅನ್ನುತ್ತದೆ. ಅಂದರೆ ಆ ಕಮಿಟ್ ಇನ್ನೂ ಇಲ್ಲೇ ಕೂತಿದೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್‌ಗಾಗಿ ಗಿಟ್ ಬರೆದಾಗಿನಿಂದಲೂ ಕಮಿಟ್ ಆಗುವುದು ನಿಮ್ಮ ಕಂಪ್ಯೂಟರ್‌ನಲ್ಲೇ. ನೆಟ್ ಇಲ್ಲದೆಯೂ ಕೆಲಸ ನಡೆಯುವುದು ಅದಕ್ಕೇ. ಪುಶ್ ಮಾಡಿದರೆ ಮಾತ್ರ ಅದು ರಿಮೋಟ್‌ಗೆ, ಅಂದರೆ ಆ ಸರ್ವರ್‌ಗೆ, ಹೋಗುತ್ತದೆ, ಪುಲ್ ಮಾಡಿದರೆ ಮಾತ್ರ ಮನೆಗೆ ಬರುತ್ತದೆ.

ಇದು ತುಂಬಾ ಜನಕ್ಕೆ ಗೊತ್ತು. ತೊಡಕಾಗುವುದು ಅರ್ಧ ಕೆಲಸದಲ್ಲಿ. "ಕಂಪೈಲೇ ಆಗ್ತಿಲ್ಲ, ಇದನ್ನ ಹೇಗೆ ಕಮಿಟ್ ಮಾಡ್ಲಿ?" ಅಂತ ಹಿಂಜರಿದು ಸ್ಟ್ಯಾಶ್ ಮಾಡಿ, ಅಂದರೆ ಕಮಿಟ್ ಮಾಡದೆ ಪಕ್ಕಕ್ಕೆ ಎತ್ತಿಟ್ಟು, ಹೊರಡುತ್ತೇವೆ. ಪುಶ್ ಮಾಡಿದರೂ ಸ್ಟ್ಯಾಶ್ ಜೊತೆಗೆ ಹೋಗುವುದಿಲ್ಲ. ಆಫೀಸ್‌ನಲ್ಲೇ ಉಳಿಯುತ್ತದೆ.

ನಾನು ಹೀಗೆ ಮಾಡುತ್ತೇನೆ. ಲಾಗಿನ್ ಕೋಡ್ ಅರ್ಧ ಆಗಿದೆ ಅಂದುಕೊಳ್ಳಿ. ಗಿಟ್ ಸ್ವಿಚ್, ಮೈನಸ್ ಸಿ ಕೊಟ್ಟು ಹೊಸ ಬ್ರ್ಯಾಂಚ್ ತೆರೆಯುತ್ತೇನೆ. ಫೈಲ್‌ಗಳನ್ನು ಆಡ್ ಮಾಡಿ, ಏನೇನು ಸೇರಿತು ಅಂತ ಒಮ್ಮೆ ನೋಡಿ, ಕಮಿಟ್ ಮಾಡುತ್ತೇನೆ. ಮೆಸೇಜ್: "ಪಾಸ್‌ವರ್ಡ್ ಚೆಕ್ ಆಗಿದೆ, ಟೋಕನ್ ಎಕ್ಸ್‌ಪೈರಿ ಬಾಕಿ." ಸುಮ್ನೆ "ಅಪ್‌ಡೇಟ್" ಅಂತ ಬರೆದರೆ ರಾತ್ರಿ ಎಲ್ಲಿಂದ ಶುರು ಮಾಡಬೇಕು ಅಂತ ನಮಗೇ ತಿಳಿಯಲ್ಲ, ಅಲ್ವಾ? ಆಮೇಲೆ ಪುಶ್.

ಮನೆಯಲ್ಲಿ ಫೆಚ್ ಮಾಡಿ (ರಿಮೋಟ್‌ನಲ್ಲಿರುವ ಹೊಸದನ್ನು ತರಿಸಿಕೊಂಡು) ಅದೇ ಬ್ರ್ಯಾಂಚ್‌ಗೆ ಸ್ವಿಚ್ ಆಗಿ ಮುಂದುವರಿಸಿ, ಕೆಲಸ ನಿಲ್ಲಿಸುವಾಗ ಮತ್ತೆ ಕಮಿಟ್ ಮಾಡಿ ಪುಶ್ ಮಾಡಿ. ಅರೆಬರೆ ಕಮಿಟ್‌ಗಳು ಹಿಸ್ಟರಿಯಲ್ಲಿ ಉಳಿಯುತ್ತವೆ ಅಂತ ಚಿಂತೆ ಬೇಡ. ಎಲ್ಲ ಮುಗಿದ ಮೇಲೆ ಸ್ಕ್ವಾಶ್ ಮರ್ಜ್ ಮಾಡಿದರೆ ಮೇನ್ ಬ್ರ್ಯಾಂಚ್‌ಗೆ ಸೇರುವುದು ಒಂದೇ ಕಮಿಟ್.

ಗಿಟ್‌ಇಗ್ನೋರ್‌ನಲ್ಲಿರುವ, ಅಂದರೆ ಗಿಟ್‌ಗೆ ಸೇರಿಸಬೇಡ ಅಂತ ಪಟ್ಟಿ ಮಾಡಿಟ್ಟ, ಫೈಲ್‌ಗಳು ಬರುವುದಿಲ್ಲ. ಪಾಸ್‌ವರ್ಡ್ ಇರುವ ಸೆಟ್ಟಿಂಗ್ಸ್ ಫೈಲನ್ನು ಮನೆಯಲ್ಲಿ ಬೇರೆಯಾಗಿಯೇ ಮಾಡಿಕೊಳ್ಳಿ. ಇದೆಲ್ಲ ಯಾಕೆ ಅಂತ ರೆಪೊ (ಗಿಟ್ ನೋಡಿಕೊಳ್ಳುವ ಪ್ರಾಜೆಕ್ಟ್) ಫೋಲ್ಡರನ್ನೇ ಕ್ಲೌಡ್ ಡ್ರೈವ್‌ಗೆ ಹಾಕಬೇಡಿ, ದಯವಿಟ್ಟು. ಎರಡೂ ಕಡೆಯಿಂದ ಒಟ್ಟಿಗೆ ಸಿಂಕ್ ಆದರೆ ರೆಪೊ ಕೆಡಬಹುದು. ಕೋಡ್ ಕಂಪನಿಯದಾದರೆ, ಮನೆಯ ಕಂಪ್ಯೂಟರ್‌ಗೆ ತರಲು ಮೊದಲು ಒಪ್ಪಿಗೆ ಕೇಳಿ.

[ಸ್ಕ್ರೀನ್: ಮತ್ತೆ ಆಫೀಸ್ ಟರ್ಮಿನಲ್]

ಬೆಳಿಗ್ಗೆ ಒಂದಕ್ಷರ ಟೈಪ್ ಮಾಡುವ ಮೊದಲೇ ಪುಲ್ ಮಾಡಿ. ಮರೆತು ಹೊಸ ಕಮಿಟ್ ಮಾಡಿಬಿಟ್ಟಿದ್ದರೆ ಪುಲ್ ಜೊತೆ ರೀಬೇಸ್ ಕೊಡಿ. ರಾತ್ರಿಯ ಕಮಿಟ್‌ಗಳು ಮೊದಲು ಬಂದು, ಬೆಳಗಿನದು ಅವುಗಳ ಮೇಲೆ ಕೂರುತ್ತದೆ.