ರಜೆಯಲ್ಲಿ ಮಾಯವಾಗುವ ಕೆಮ್ಮು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಬಹಳ ವರ್ಷ ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯಲ್ಲಿ ನರ್ಸ್ ಆಗಿದ್ದೆ. ಒಳಗೆ ನೋಡಲು ಹೊಟ್ಟೆಯೊಳಗೆ ಇಳಿಸುವ ಉದ್ದನೆಯ ಕೊಳವೆಯನ್ನು, ಅಂದರೆ ಸ್ಕೋಪನ್ನು, ಒಬ್ಬರಿಗೆ ಬಳಸಿದ ಮೇಲೆ ತೊಳೆದು, ರೋಗಾಣು ಕೊಲ್ಲುವ ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ಮುಳುಗಿಸಿಡುತ್ತಿದ್ದೆವು. ಶೇಕಡಾ 2ರ ದ್ರಾವಣ, 20 ನಿಮಿಷ. ಟ್ರೇ ಮುಚ್ಚಳ ತೆಗೆದರೆ ಕಣ್ಣು ಉರಿಯುತ್ತಿತ್ತು. ಎಲ್ಲರಿಗೂ ಉರಿಯುತ್ತಿತ್ತು, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಜೊತೆಯಲ್ಲಿದ್ದ ಸಿಸ್ಟರ್ ಒಬ್ಬರಿಗೆ ಮೂರನೇ ವರ್ಷ ಕೆಮ್ಮು ಶುರುವಾಯಿತು. ರಾತ್ರಿ ಮಲಗಿದ ಮೇಲೆ ಉಬ್ಬಸ. ರಜೆ ಹಾಕಿ ಊರಲ್ಲಿ ಹದಿನೈದು ದಿನ ಇದ್ದರೆ ಏನೂ ಇಲ್ಲ. ಡ್ಯೂಟಿಗೆ ಬಂದ ಎರಡನೇ ದಿನಕ್ಕೆ ಮತ್ತೆ ಅದೇ. "ಚಳಿಗಾಲ ಅಲ್ವಾ, ಹೋಗುತ್ತೆ ಬಿಡಿ" ಅಂದವರಲ್ಲಿ ನಾನೂ ಒಬ್ಬಳು. ಆ ಮಾತು ಇವತ್ತಿಗೂ ನನ್ನನ್ನು ಕಾಡುತ್ತದೆ.

ಆವಿ ಜಾಸ್ತಿಯಾದರೆ ಯಾರ ಕಣ್ಣಾದರೂ ಉರಿಯುತ್ತದೆ. ಅವರಿಗೆ ಆಗಿದ್ದು ಅದಲ್ಲ. ಇಂಥ ರಾಸಾಯನಿಕ ಮೈಯ ಪ್ರೋಟೀನಿಗೆ ಅಂಟಿಕೊಳ್ಳಬಲ್ಲದು. ಕೆಲವರ ದೇಹ ಅದನ್ನು ವೈರಿ ಅಂತ ಗುರುತಿಟ್ಟುಕೊಳ್ಳುತ್ತದೆ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ವರ್ಷಗಳೂ ಹಿಡಿಯಬಹುದು. ಒಮ್ಮೆ ಗುರುತು ಬಿತ್ತೆಂದರೆ, ಮೊದಲು ಏನೂ ಮಾಡದಿದ್ದ ಚೂರೇ ಚೂರು ಆವಿಗೂ ಶ್ವಾಸನಾಳ ಬಿಗಿಯುತ್ತದೆ. ಅದೂ ಕೆಲವೊಮ್ಮೆ ಗಂಟೆಗಟ್ಟಲೆ ತಡವಾಗಿ. ಉಬ್ಬಸ ಮನೆಯಲ್ಲಿ ಬರುತ್ತದೆ, ಕಾರಣ ಆಸ್ಪತ್ರೆಯಲ್ಲಿರುತ್ತದೆ. ಹಾಗಾಗಿಯೇ ಯಾರಿಗೂ ಹೊಳೆಯುವುದಿಲ್ಲ.

ಬ್ರಿಟನ್ನಿನಲ್ಲಿ ಈ ಆವಿಗೆ ಇಟ್ಟಿರುವ ಮಿತಿ, ಗಾಳಿಯ 2 ಕೋಟಿ ಪಾಲಿಗೆ 1 ಪಾಲು. ಮೂಗಿಗೆ ವಾಸನೆ ತಿಳಿಯುವುದೂ ಹೆಚ್ಚುಕಡಿಮೆ ಅಷ್ಟರಲ್ಲೇ. ವಾಸನೆ ಬಂತು ಅಂದರೆ ಮಿತಿ ಹತ್ತಿರ ಬಂದಾಯಿತು. ಮಾಸ್ಕ್ ಹಾಕಿದ್ದೇವಲ್ಲ ಅಂತ ಸುಮ್ಮನಿರಬೇಡಿ. ಸರ್ಜಿಕಲ್ ಮಾಸ್ಕ್ ಇರಲಿ, ಎನ್-95 ಕೂಡ ಆವಿಯನ್ನು ತಡೆಯುವುದಿಲ್ಲ. ಟ್ರೇಗೆ ಬಿಗಿಯಾದ ಮುಚ್ಚಳ ಬೇಕು. ಆವಿಯನ್ನು ಅಲ್ಲಿಂದಲೇ ಹೊರಗೆ ಎಳೆಯುವ ವ್ಯವಸ್ಥೆ ಬೇಕು. ಇದನ್ನು ಆಡಳಿತದವರ ಹತ್ತಿರ ಕೇಳಿ ಪಡೆಯಿರಿ, ಸಂಕೋಚ ಬೇಡ.

ಅನುಮಾನ ಬಂದವರು ಒಂದು ಪೀಕ್ ಫ್ಲೋ ಮೀಟರ್ ತೆಗೆದುಕೊಳ್ಳಿ. ಊದಿ ಉಸಿರಿನ ರಭಸ ಅಳೆಯುವ ಪುಟ್ಟ ಕೊಳವೆ ಅದು. ದಿನಕ್ಕೆ ನಾಲ್ಕು ಸಲ ಊದಿ, ಅಂಕಿ ಬರೆದಿಡಿ. ಕೆಲಸದ ದಿನವೂ ಬರೆಯಿರಿ, ರಜೆಯ ದಿನವೂ ಬರೆಯಿರಿ. ನಾಲ್ಕು ವಾರದ ಆ ಹಾಳೆಯನ್ನು ಶ್ವಾಸಕೋಶದ ಡಾಕ್ಟರಿಗೆ ತೋರಿಸಿ. ಬರೀ ಇನ್ಹೇಲರ್ ಸಾಲದು. ಆ ಆವಿಯಿಂದ ಬೇಗ ದೂರವಾದವರಿಗೆ ಗುಣವಾಗುವ ಸಾಧ್ಯತೆ ಜಾಸ್ತಿ.

ನಮ್ಮ ಸಿಸ್ಟರ್ ತಡವಾಗಿ ಹೊರಬಂದರು. ಆಮೇಲೆ ಅವರಿಗೆ ಹೊರರೋಗಿ ವಿಭಾಗದಲ್ಲಿ ಕೆಲಸ ಕೊಟ್ಟರು. ಅಲ್ಲಿಗೆ ಹೋಗಲು ಎಂಡೋಸ್ಕೋಪಿ ಕೋಣೆಯ ಮುಂದಿನ ದಾರಿಯೇ ಹತ್ತಿರ. ಅವರು ಮಾತ್ರ ದಿನಾ ಹಿಂದಿನ ಮೆಟ್ಟಿಲಿಂದ ಸುತ್ತಿ ಬರುತ್ತಿದ್ದರು.