ಪುಸ್ತಕದಲ್ಲಿ ಇಲ್ಲದ ಶಶಿರೇಖೆ

ಈ ಬಯಲು ನೋಡಿ. ಗಂಗಾವತಿ ಹತ್ತಿರ ನಮ್ಮ ಅಜ್ಜನ ಊರು, ಹನುಮಪ್ಪನ ಗುಡಿ ಮುಂದಿನ ಜಾಗ. ಈಗ ಇಲ್ಲಿ ಭತ್ತ ಒಣಹಾಕಿದ್ದಾರೆ. ಜಾತ್ರೆ ಬಂತೆಂದರೆ ಇಲ್ಲೇ ಅಟ್ಟ ಕಟ್ಟುತ್ತಾರೆ, ರಾತ್ರಿ ಹತ್ತಕ್ಕೆ ಶುರುವಾದ ದೊಡ್ಡಾಟ, ಅಂದರೆ ನಮ್ಮ ಕಡೆಯ ಬಯಲಾಟ, ಬೆಳಕು ಹರಿಯುವ ತನಕ ನಡೆಯುತ್ತದೆ. ನಾನು ಮಹಾಭಾರತ ಮೊದಲು ಕೇಳಿದ್ದು ಇಲ್ಲೇ, ಅಜ್ಜನ ತೊಡೆ ಮೇಲೆ ಅರ್ಧ ನಿದ್ದೆಯಲ್ಲಿ.

ಆಮೇಲೆ ನೋಡಿದ್ದು ಟಿವಿಯಲ್ಲಿ. ಮಾಯಾಬಜಾರ್. 1957ರ ತೆಲುಗು ಸಿನಿಮಾ. ನಮ್ಮ ಕಡೆ ತೆಲುಗು ಸಿನಿಮಾ ಅಂದರೆ ಬೇರೆಯವರದ್ದು ಅಂತ ಅನ್ನಿಸುವುದಿಲ್ಲ. ಬಳ್ಳಾರಿ 1953ರ ತನಕ ಮದ್ರಾಸ್ ರಾಜ್ಯದಲ್ಲಿತ್ತು, ಕೊಪ್ಪಳ ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದವು. ಎರಡೂ ಭಾಷೆ ಒಂದೇ ಸಂತೆಯಲ್ಲಿ ಓಡಾಡಿದ ಊರುಗಳು ಇವು.

ಕೆ.ವಿ. ರೆಡ್ಡಿ ಮಾಡಿದ ಆ ಸಿನಿಮಾದಲ್ಲಿ ಎನ್.ಟಿ. ರಾಮರಾವ್ ಕೃಷ್ಣ, ಎಸ್.ವಿ. ರಂಗರಾವ್ ಘಟೋತ್ಕಚ, ಸಾವಿತ್ರಿ ಶಶಿರೇಖೆ. ಪಾಂಡವರ ಮನೆಯ ಕಥೆ, ಆದರೆ ಪಾಂಡವರು ಒಬ್ಬರೂ ತೆರೆ ಮೇಲೆ ಬರುವುದಿಲ್ಲ! ಬಲರಾಮನ ಮಗಳು ಶಶಿರೇಖೆಗೆ ಅಭಿಮನ್ಯು ಮೇಲೆ ಮನಸ್ಸು. ಮನೆಯವರು ದುರ್ಯೋಧನನ ಮಗನಿಗೆ ಕೊಡಲು ಹೊರಟಿದ್ದಾರೆ. ಆಗ ಘಟೋತ್ಕಚ ಹುಡುಗಿಯನ್ನು ಎತ್ತಿಕೊಂಡು ಹೋಗಿ ತಾನೇ ಅವಳ ರೂಪದಲ್ಲಿ ಮದುವೆ ಮನೆಗೆ ಬಂದು ಕೂರುತ್ತಾನೆ. ಇಲ್ಲಿಂದ ಸಾವಿತ್ರಿಯವರನ್ನು ನೋಡಬೇಕು ನೀವು. ಹೆಣ್ಣಿನ ಮೈಯೊಳಗೆ ಒಬ್ಬ ರಾಕ್ಷಸ ಕೂತಿದ್ದಾನೆ ಅನ್ನೋದನ್ನು ಬರೀ ಕಣ್ಣು, ಹುಬ್ಬು, ಕಾಲಿಡುವ ರೀತಿಯಲ್ಲೇ ತೋರಿಸುತ್ತಾರೆ. ನಾಚಿಕೊಳ್ಳುತ್ತಾ ಹಾಡುತ್ತಿದ್ದವಳ ಬಾಯಿಂದ ನಡುವೆ ಗಂಡು ದನಿ ಬಂದುಬಿಡುತ್ತದೆ, ಸುಶೀಲಾ ದನಿ ಹೋಗಿ ಘಂಟಸಾಲ ದನಿ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ, ಈಗಲೂ ಆ ಜಾಗ ಬಂದರೆ ಮೈ ಜುಮ್ಮೆನ್ನುತ್ತದೆ.

ಕಾಲೇಜಿಗೆ ಬಂದ ಮೇಲೆ ಲೈಬ್ರರಿಯಲ್ಲಿ ಮಹಾಭಾರತ ತಗೊಂಡು ಶಶಿರೇಖೆಯನ್ನು ಹುಡುಕಿದೆ. ಇಲ್ಲ. ವ್ಯಾಸರ ಅಭಿಮನ್ಯುಗೆ ಇರುವುದು ಉತ್ತರೆ ಒಬ್ಬಳೇ. ಬಲರಾಮನಿಗೆ ಆ ಹೆಸರಿನ ಮಗಳೇ ಇಲ್ಲ. ನನಗೆ ಯಾರೋ ಮೋಸ ಮಾಡಿದ ಹಾಗಾಯಿತು. ರಜೆಗೆ ಊರಿಗೆ ಬಂದು ಅಜ್ಜನ ಹತ್ತಿರ ಜಗಳಕ್ಕೇ ನಿಂತೆ. ಅಜ್ಜ ಎಲೆಗೆ ಸುಣ್ಣ ಸವರುತ್ತಾ ಹೇಳಿದರು: "ಪುಸ್ತಕದಾಗ ಇಲ್ದಿದ್ರ ಏನಾತವ್ವಾ? ಆಟದಾಗ ಐತೆಲ್ಲ."

ಈ ವಿಡಿಯೋ ಮಾಡಲು ಆ ಮಾತೇ ಕಾರಣ. ಹಳೆಯ ಪೌರಾಣಿಕ ಸಿನಿಮಾಗಳನ್ನು ಮೂಲ ಗ್ರಂಥದ ಪಕ್ಕ ಇಟ್ಟು ಅಲ್ಲಿ ತಪ್ಪು ಇಲ್ಲಿ ತಪ್ಪು ಅನ್ನುತ್ತಾರಲ್ವಾ, ಅದು ಸರಿಯಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಆ ಸಿನಿಮಾದವರು ಬರೀ ಗ್ರಂಥ ಓದಿ ಬಂದವರಲ್ಲ. ಆಟ, ಗೊಂಬೆಯಾಟ, ಕಂಪನಿ ನಾಟಕ ನೋಡಿ ಬೆಳೆದವರು, ಎಷ್ಟೋ ಜನ ಅದರಲ್ಲೇ ಬಣ್ಣ ಹಚ್ಚಿದವರು. ಇದೇ ಹುಡುಗಿ ಕರಾವಳಿಯ ಯಕ್ಷಗಾನದಲ್ಲಿ ಕನಕಾಂಗಿ ಆಗುತ್ತಾಳೆ, ಮರಾಠಿ ಕಡೆ ವತ್ಸಲಾ ಆಗುತ್ತಾಳೆ. ಇಷ್ಟು ಊರು ಸೇರಿ ಹುಟ್ಟಿಸಿದ ಹುಡುಗಿಯನ್ನು ಸುಳ್ಳು ಅನ್ನಲು ನನ್ನ ಬಾಯಿ ಬರುವುದಿಲ್ಲ.

ಕನ್ನಡದ ಮೊದಲ ಟಾಕಿಯನ್ನೇ ತಗೊಳ್ಳಿ. ಸತಿ ಸುಲೋಚನ, 1934ರ ಮಾರ್ಚ್ 3ಕ್ಕೆ ಬಿಡುಗಡೆ. ವೈ.ವಿ. ರಾವ್ ನಿರ್ದೇಶನ, ಚಿತ್ರೀಕರಣ ಆಗಿದ್ದು ಕೊಲ್ಹಾಪುರದಲ್ಲಿ. ಇಂದ್ರಜಿತ್ ಆಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಇಬ್ಬರೂ ನಾಟಕ ಕಂಪನಿಯಿಂದ ಬಂದವರು. ಇಂದ್ರಜಿತುವಿನ ಹೆಂಡತಿ ಈ ಸುಲೋಚನೆ ವಾಲ್ಮೀಕಿಯಲ್ಲಿ ಇಲ್ಲ. ಗಂಡನ ಕಡಿದ ತೋಳು ಅಂಗಳಕ್ಕೆ ಬಂದು ಬಿದ್ದು, ನಡೆದದ್ದನ್ನು ತಾನೇ ಬರೆದು ತಿಳಿಸುವುದು ಜನ ಕಟ್ಟಿದ ಕಥೆ. ಅಂದರೆ ಕನ್ನಡ ಸಿನಿಮಾ ಮೊದಲ ಸಲ ಬಾಯಿ ತೆರೆದಾಗ ಆರಿಸಿಕೊಂಡದ್ದು ರಾಮನನ್ನೂ ಅಲ್ಲ, ಸೀತೆಯನ್ನೂ ಅಲ್ಲ, ಲಂಕೆಯ ಒಬ್ಬ ಸೊಸೆಯನ್ನು. ಆ ಸಿನಿಮಾದ ಒಂದು ಪ್ರತಿಯೂ ಉಳಿದಿಲ್ಲ. ಇದನ್ನು ಹೇಳುವಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಈಗ ಬಳ್ಳಾರಿಗೆ ಬಂದಿದ್ದೇವೆ. ಹಿಂದೆ ಕಾಣುತ್ತಿರುವುದು ರಾಘವ ಕಲಾಮಂದಿರ. ಬಳ್ಳಾರಿ ರಾಘವರು ವಕೀಲರು, ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ನಾಟಕ ಆಡಿದ ದೊಡ್ಡ ನಟರು. 1936ರಲ್ಲಿ ದ್ರೌಪದಿಯ ವಸ್ತ್ರಾಪಹರಣದ ಕಥೆ ಮೇಲೆ ತೆಲುಗಿನಲ್ಲಿ ಎರಡು ಸಿನಿಮಾ ಪೈಪೋಟಿಗೆ ಬಿದ್ದು ಬಂದವು, ಒಂದರಲ್ಲಿ ಇವರೇ ದುರ್ಯೋಧನ. ಇವರ ಸಿನಿಮಾ ಓಡಲಿಲ್ಲ, ಇನ್ನೊಂದು ಓಡಿತು. ಆದರೆ ರಾಘವರ ವಿಷಯದಲ್ಲಿ ನನಗೆ ಅದಕ್ಕಿಂತ ಇಷ್ಟವಾಗುವುದು ಬೇರೆ. ಹೆಣ್ಣಿನ ಪಾತ್ರ ಹೆಣ್ಣುಮಕ್ಕಳೇ ಮಾಡಬೇಕು ಅಂತ ಅವರು ಪಟ್ಟು ಹಿಡಿದರು. ಮೂಕಿ ಸಿನಿಮಾ ಕಾಲದ ನಿರ್ದೇಶಕ ದಾದಾಸಾಹೇಬ್ ಫಾಲ್ಕೆಯವರ 1917ರ ಲಂಕಾ ದಹನದಲ್ಲಿ ರಾಮ ಮತ್ತು ಸೀತೆ ಎರಡನ್ನೂ ಅಣ್ಣಾ ಸಾಳುಂಕೆ ಅನ್ನುವ ಗಂಡಸು ಒಬ್ಬರೇ ಮಾಡಿದ್ದರು. ಆಗಿನ ಕಾಲದಲ್ಲಿ ರಾಘವರು ಆ ಮಾತು ಆಡಿದ್ದು ಸಣ್ಣ ವಿಷಯ ಅಲ್ಲ. ಹಾಗೆ ದಾರಿ ಆಗದಿದ್ದರೆ ಸಾವಿತ್ರಿಯಂಥವರು ನಮಗೆ ಎಲ್ಲಿ ಸಿಗುತ್ತಿದ್ದರು?

ದುರ್ಯೋಧನ ಅಂದೆನಲ್ಲ, 1977ರಲ್ಲಿ ಎನ್.ಟಿ.ಆರ್. ದಾನವೀರಶೂರಕರ್ಣ ಮಾಡಿದರು. ಕರ್ಣ, ಕೃಷ್ಣ, ದುರ್ಯೋಧನ ಮೂರೂ ಅವರೇ, ನಿರ್ದೇಶನವೂ ಅವರದ್ದೇ, ಸಿನಿಮಾ ನಾಲ್ಕು ಗಂಟೆಗೆ ಹತ್ತಿರ. ಹೆಸರು ಕರ್ಣಂದು, ಆದರೆ ನಮ್ಮ ಅಜ್ಜನಿಗೆ ನೆನಪಿರುವುದೆಲ್ಲ ದುರ್ಯೋಧನನ ಮಾತು. ಭಾಷೆ ಪೂರ್ತಿ ತಿಳಿಯದಿದ್ದರೂ ಉಸಿರು ಬಿಡದೆ ಹೇಳುತ್ತಾರೆ. ದೊಡ್ಡಾಟದಲ್ಲೂ ಅಷ್ಟೇ ಅಲ್ವಾ. ಪರದೆ ಹಿಂದೆ ಗೆಜ್ಜೆ ಸದ್ದು, ಆಮೇಲೆ ಕಿರೀಟದ ತುದಿ, ಭುಜಕೀರ್ತಿ, ಹಲಗೆ ಅದುರುವ ಹಾಗೆ ಕಾಲು ಕುಟ್ಟಿ ಬರುವ ಕುಣಿತ, "ಭಲೈ ಸಾರಥಿ" ಅನ್ನುವ ಆ ದನಿ. ಹಳೆ ಸಿನಿಮಾದ ರಾಜರು ಜೋರಾಗಿ ಮಾತಾಡುತ್ತಾರೆ, ಓವರ್ ಆಕ್ಟಿಂಗ್ ಅಂತ ಈಗಿನವರು ಹೇಳುತ್ತಾರೆ. ಮೈಕ್ ಇಲ್ಲದ ಬಯಲಲ್ಲಿ, ಕೊನೇ ಸಾಲಲ್ಲಿ ಕಂಬಳಿ ಹೊದ್ದು ಕೂತ ಮುದುಕಿಗೂ ಕೇಳಬೇಕು ಅಂತ ಹುಟ್ಟಿದ ದನಿ ಅದು.

ಕನ್ನಡದಲ್ಲಿ ನನಗೆ ತುಂಬಾ ಹತ್ತಿರದ್ದು ಬಭ್ರುವಾಹನ. ಅದೂ 1977. ಹುಣಸೂರು ಕೃಷ್ಣಮೂರ್ತಿ ನಿರ್ದೇಶನ, ಟಿ.ಜಿ. ಲಿಂಗಪ್ಪ ಸಂಗೀತ, ರಾಜ್‌ಕುಮಾರ್ ಅವರೇ ಅಪ್ಪ ಅರ್ಜುನ, ಅವರೇ ಮಗ ಬಭ್ರುವಾಹನ. ಈ ಕಥೆ ವ್ಯಾಸರಲ್ಲಿ ಇದೆ. ಆದರೆ ಅಲ್ಲಿ ಅರ್ಜುನ ಬೈಯುವುದು, ಕ್ಷತ್ರಿಯನಾಗಿ ಯುದ್ಧಕ್ಕೆ ಬರದೆ ಸ್ವಾಗತಕ್ಕೆ ಬಂದೆಯಲ್ಲ ಅಂತ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಮಾತು ತಾಯಿಯ ಮಾನದ ಮೇಲೆ ಹೋಗುತ್ತದೆ, ನೀನು ನನ್ನ ಮಗನೇ ಅಲ್ಲ ಅಂತ ಒದೆಯುತ್ತಾನೆ. ಕನ್ನಡದ ಆಟಗಳು, ಆಮೇಲೆ ಸಿನಿಮಾ, ಹಿಡಿದದ್ದು ಈ ದಾರಿಯನ್ನೇ. ಮಗ ಸಿಟ್ಟಾಗುವುದು ತನಗಾಗಿ ಅಲ್ಲ, ಅವ್ವನಿಗಾಗಿ. ಅಪ್ಪ ಮಗ ಎದುರಾಬದುರು ನಿಂತು ಹಾಡಿನಲ್ಲೇ ಒಬ್ಬರನ್ನೊಬ್ಬರು ಚುಚ್ಚುವಾಗ ಒಂದು ದನಿ ರಾಜ್‌ಕುಮಾರ್ ಅವರದ್ದು, ಇನ್ನೊಂದು ಪಿ.ಬಿ. ಶ್ರೀನಿವಾಸ್ ಅವರದ್ದು, ಮುಖ ಮಾತ್ರ ಒಂದೇ. ನಮ್ಮ ಅವ್ವ ಈ ಹಾಡು ಬಂದರೆ ರೊಟ್ಟಿ ತಟ್ಟುವುದು ಬಿಟ್ಟು ಬಂದು ನಿಲ್ಲುತ್ತಾಳೆ. ಯಾಕೆ ಅಂತ ನಾನು ಯಾವತ್ತೂ ಕೇಳಿಲ್ಲ.

ಗೊಂಬೆಯಾಟದ ಮಾತು ಬಿಟ್ಟರೆ ತಪ್ಪಾಗುತ್ತದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಗಲುಗೊಂಬೆಯಾಟಕ್ಕೆ. ಯೋಚನೆ ಮಾಡಿ. ಬಿಳಿ ಪರದೆ, ಹಿಂದೆ ದೀಪ, ನಡುವೆ ಬಣ್ಣ ಬಳಿದ ತೊಗಲು, ಕತ್ತಲಲ್ಲಿ ಕೂತ ಜನ. ನಮ್ಮ ಹಳ್ಳಿಗಳಲ್ಲಿ ಟಾಕೀಸು ಬರುವ ಎಷ್ಟೋ ಮುಂಚೆ ರಾವಣ ಪರದೆ ಮೇಲೆ ಬಂದಾಗಿತ್ತು.

ಕೊನೆಗೆ ಇಲ್ಲಿಗೆ. ಅಂಜನಾದ್ರಿ, 575 ಮೆಟ್ಟಿಲು, ಮೇಲೆ ಬಂದರೆ ಈ ಗಾಳಿ. ಕೆಳಗೆ ಆನೆಗುಂದಿ, ತುಂಗಭದ್ರೆ, ಹಸಿರು ಗದ್ದೆ, ಬಂಡೆ ಮೇಲೆ ಬಂಡೆ. ಇದೇ ಕಿಷ್ಕಿಂಧೆ ಅಂತ ನಂಬಿ ಬೆಳೆದವರು ನಾವು. ನಾನು ನೋಡಿದ ಹಳೆ ಸಿನಿಮಾಗಳಲ್ಲಿ ಕಿಷ್ಕಿಂಧೆ ಅಂದರೆ ಸ್ಟುಡಿಯೋದಲ್ಲಿ ಬಣ್ಣ ಬಳಿದ ಕಲ್ಲು, ಆದರೂ ಒಮ್ಮೆಯೂ ಬೇಜಾರಾಗಿಲ್ಲ. 1963ರ ಶ್ರೀರಾಮಾಂಜನೇಯ ಯುದ್ಧದಲ್ಲಿ ರಾಜ್‌ಕುಮಾರ್ ರಾಮ, ಉದಯಕುಮಾರ್ ಹನುಮ. ಆಶ್ರಯ ಕೇಳಿ ಬಂದವನಿಗೆ ಮಾತು ಕೊಟ್ಟ ತಪ್ಪಿಗೆ ಹನುಮ ತನ್ನ ದೇವರಿಗೇ ಎದುರು ನಿಲ್ಲಬೇಕು. ವಾಲ್ಮೀಕಿಯಲ್ಲಿ ಇದೂ ಇಲ್ಲ. ಹನುಮ ಹುಟ್ಟಿದ ಬೆಟ್ಟ ಅನ್ನುವ ಈ ಜಾಗದಲ್ಲಿ ಕೂತು ಅಜ್ಜನಿಗೆ ಫೋನ್ ಹಚ್ಚಿ ಕೇಳಿದೆ, ಅಜ್ಜಾ, ಆ ಯುದ್ಧದಲ್ಲಿ ಯಾರು ಗೆದ್ದರು?

"ಯಾರೂ ಸೋಲಲಿಲ್ಲವ್ವಾ," ಅಂದರು. "ಮುಂದಿನ ವಾರ ಊರಾಗ ಆಟ ಐತಿ. ಕಂಬಳಿ ತಗೊಂಡು ಬಾ, ಚಳಿ ಜಾಸ್ತಿ ಆಗೇತಿ."