ರೊಟ್ಟಿಯ ಪಕ್ಕದಲ್ಲಿ ಏನಿದೆ?

ಎಲ್ಲರಿಗೂ ಶರಣು. ವಿಜಯಪುರದಲ್ಲಿ ನಿಂತು ಸಿರಿಧಾನ್ಯದ ಬಗ್ಗೆ ಭಾಷಣ ಮಾಡಲು ಸ್ವಲ್ಪ ಸಂಕೋಚ. ಡೋಣಿ ಬೆಳೆದರೆ ಓಣೆಲ್ಲಾ ಜೋಳ ಅಂತ ಡೋಣಿ ಹೊಳೆಯ ದಂಡೆಯ ಬಗ್ಗೆ ಗಾದೆ ಕಟ್ಟಿದ ಜಿಲ್ಲೆಯವರಿಗೆ ಜೋಳ ತಿನ್ನಿ ಅಂತ ಹೇಳಿಕೊಡಬೇಕಾ! ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಘೋಷಿಸಿತಲ್ಲ, ಆಗಿಂದ ಎಲ್ಲರ ಬಾಯಲ್ಲೂ ಒಂದೇ ಮಾತು, ಇದನ್ನು ತಿಂದರೆ ಶುಗರ್ ಹೋಗುತ್ತದೆ, ಬಿಪಿ ಹೋಗುತ್ತದೆ ಅಂತ. ಹಾಗೆಲ್ಲ ಹೋಗುವುದಿಲ್ಲ ರೀ. ರೊಟ್ಟಿ ಒಳ್ಳೆಯದೇ. ಆದರೆ ತಾಟಿನಲ್ಲಿ ಅದರ ಪಕ್ಕ ಏನಿದೆ ಅಂತಲೂ ನೋಡಬೇಕು.

ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಸಜ್ಜೆಯಲ್ಲಿ ಕಬ್ಬಿಣ ಜಾಸ್ತಿ, ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ನೂರು ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು. ಆದರೆ ಶಕ್ತಿಯ ಲೆಕ್ಕ ಹಿಡಿದರೆ ಜೋಳವೂ ಅಕ್ಕಿಯೂ ಹೆಚ್ಚುಕಡಿಮೆ ಒಂದೇ. ಶುಗರ್ ಇದ್ದವರು ಅನ್ನ ಬಿಟ್ಟೆ ಅಂತ ಎರಡರ ಜಾಗದಲ್ಲಿ ಐದು ರೊಟ್ಟಿ ತಿಂದರೆ ಏನು ಬಂತು?

ಈಗ ಒಂದು ಹಳೆಯ ವಿಷಯ. 1960ರ ಸುಮಾರಿಗೆ ಹೈದರಾಬಾದಿನ ಪೋಷಣಾ ಪ್ರಯೋಗಾಲಯದಲ್ಲಿ (ಈಗ ಅದು ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ) ಡಾ. ಸಿ. ಗೋಪಾಲನ್ ಮತ್ತು ಜೊತೆಯವರು ಪೆಲಾಗ್ರಾ ಅನ್ನುವ ರೋಗದ ಬೆನ್ನು ಹತ್ತಿದರು. ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮಂಕು, ಇವೆಲ್ಲ ಅದರ ಲಕ್ಷಣ. ಅದು ಕಾಣಿಸುತ್ತಿದ್ದದ್ದು ಜೋಳ ಬಿಟ್ಟರೆ ಬೇರೇನೂ ಸಿಗದ ಬಡವರಲ್ಲಿ. ನಯಾಸಿನ್ ಎಂಬ ಬಿ ವಿಟಮಿನ್ ಕಡಿಮೆ ಬಿದ್ದರೆ ಬರುವ ರೋಗ ಇದು. ಜೋಳದಲ್ಲಿ ಲ್ಯೂಸಿನ್ (ಪ್ರೋಟೀನಿನ ಒಂದು ತುಣುಕು) ಜಾಸ್ತಿ, ಅದು ನಯಾಸಿನ್‌ಗೆ ಅಡ್ಡ ಬರುತ್ತದೆ ಅಂತ ಅವರು ಹೇಳಿದರು. ಅದರ ಮೇಲೆ ಆಮೇಲೆ ಸಾಕಷ್ಟು ಚರ್ಚೆ ಆಯಿತು, ಇರಲಿ. ನಯಾಸಿನ್ ದಂಡಿಯಾಗಿ ಇರುವುದು ಎಲ್ಲಿ ಗೊತ್ತಾ? ಶೇಂಗಾದಲ್ಲಿ! ನಮ್ಮ ಅವ್ವಂದಿರು ಯಾವ ಪುಸ್ತಕವನ್ನೂ ಓದದೆ ರೊಟ್ಟಿ ಜೊತೆ ಶೇಂಗಾ ಚಟ್ನಿ ಇಟ್ಟರು. ಜೋಳದಲ್ಲಿ ಲೈಸಿನ್ ಎಂಬ ಪ್ರೋಟೀನಿನ ಇನ್ನೊಂದು ತುಣುಕು ಕಡಿಮೆ, ಅದನ್ನು ಹೆಸರುಕಾಳು, ಮಡಿಕೆಕಾಳಿನ ಪಲ್ಯ ತುಂಬಿಕೊಡುತ್ತದೆ. ಝುಣಕಾ ಆದರೂ ನಡೆಯುತ್ತದೆ, ಅದೂ ಕಡಲೆಯೇ ಅಲ್ವಾ. ಸಜ್ಜೆಯಲ್ಲಿ ಕಬ್ಬಿಣ ಇದ್ದರೂ ಪೂರ್ತಿ ಮೈಗೆ ಹತ್ತುವುದಿಲ್ಲ, ಕಾಳಿನಲ್ಲೇ ಇರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದುಕೊಳ್ಳುತ್ತದೆ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿ, ಒಂದಿಷ್ಟು ಜಾಸ್ತಿ ಹತ್ತುತ್ತದೆ. ಅಂಬಲಿ ಹುಳಿ ಬರಿಸಿ ಕುಡಿಯುವುದರಿಂದಲೂ ಅದೇ ಲಾಭ.

ಇನ್ನು ಅಡುಗೆ. ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿ ಇಲ್ಲ, ಅದಕ್ಕೇ ತಣ್ಣೀರಿನಲ್ಲಿ ಕಲಸಿದರೆ ರೊಟ್ಟಿ ಒಡೆಯುತ್ತದೆ. ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಬೆಂದು ಜಿಗಿ ಬರುತ್ತದೆ. ಬೆಂಗಳೂರಿನಿಂದ ಬಂದ ಸೊಸೆಯಂದಿರು ರೊಟ್ಟಿ ಬಡಿಯಲು ಬರುವುದಿಲ್ಲ ಅಂತ ಅಳುವುದಕ್ಕೆ ಅರ್ಧ ಕಾರಣ ಈ ಎಸರೇ, ಕೈಯಲ್ಲ. ಗಿರಣಿಯಿಂದ ತಿಂಗಳ ಹಿಟ್ಟು ಒಮ್ಮೆಲೇ ತರಬೇಡಿ. ಸಜ್ಜೆ ಹಿಟ್ಟಂತೂ ಬೇಗ ಕಹಿಯಾಗುತ್ತದೆ, ಅದರಲ್ಲಿ ಎಣ್ಣೆ ಅಂಶ ಜಾಸ್ತಿ. ಸಂಕ್ರಾಂತಿಯ ಮುನ್ನಾದಿನ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುತ್ತೀರಲ್ಲ, ಚಳಿಗಾಲ ಪೂರ್ತಿ ಆಗಾಗ ಮಾಡಿ. ಥೈರಾಯ್ಡ್ ತೊಂದರೆ ಇರುವವರು ಮಾತ್ರ ದಿನಾ ಸಜ್ಜೆ ತಿನ್ನುವ ಮೊದಲು ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ.

ನವಣೆ, ಸಾಮೆ ಸುಮ್ನೆ ಅನ್ನದ ಹಾಗೆ ಮಾಡಬಹುದು. ಸ್ವಲ್ಪ ಹೊತ್ತು ನೆನೆಸಿ, ಎರಡೂವರೆ ಪಾಲು ನೀರಿಡಿ. ಉಪ್ಪಿಟ್ಟು, ಹುಗ್ಗಿ ಎರಡೂ ಚೆನ್ನಾಗಿ ಬರುತ್ತವೆ. ಬೆಳ್ಳಗೆ ಹೊಳೆಯುವಷ್ಟು ಪಾಲಿಶ್ ಮಾಡಿದ್ದನ್ನು ತರಬೇಡಿ, ನಾರೆಲ್ಲ ಮಿಲ್ಲಿನಲ್ಲೇ ಉಳಿದಿರುತ್ತದೆ.

ಅಂಗಡಿಯ ಸಿರಿಧಾನ್ಯ ಬಿಸ್ಕತ್ತಿನ ಬಗ್ಗೆ ಯಾರೋ ಆಗಲೇ ಚೀಟಿ ಕಳಿಸಿದ್ದಾರೆ. ಪೊಟ್ಟಣ ತಿರುಗಿಸಿ ಓದಿ. ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು ಅಂತ ನಿಯಮ ಇದೆ. ಮೊದಲ ಎರಡು ಹೆಸರು ಮೈದಾ ಮತ್ತು ಸಕ್ಕರೆ ಆಗಿದ್ದರೆ ಅಲ್ಲೇ ಇಟ್ಟು ಬನ್ನಿ.